ಬಣ್ಣದ ಕೆಳಗಿನ ಕಪ್ಪು

1989ರ ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ಅಮೆರಿಕದ ಗ್ರೆಗ್ ಲೆಮಾಂಡ್ ಗೆದ್ದದ್ದು ಬರೀ 8 ಸೆಕೆಂಡುಗಳ ಅಂತರದಲ್ಲಿ. ಮೂರು ವಾರ, ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ, ಕೊನೆಗೆ ಉಳಿದ ವ್ಯತ್ಯಾಸ ಒಂದು ಸಲ ಕೆಮ್ಮಿ ನೀರು ಕುಡಿಯುವಷ್ಟು ಹೊತ್ತು. ಸೋತ ಲೊರಾಂ ಫಿನ್ಯೋನ ಜುಟ್ಟು, ಗೆದ್ದವನ ಹ್ಯಾಂಡಲ್ ಬಾರು, ಎಲ್ಲದರ ಬಗ್ಗೆಯೂ ಬೇಕಾದಷ್ಟು ಬರೆದಿದ್ದಾರೆ. ನನಗೆ ಕುತೂಹಲ ಹುಟ್ಟಿಸುವುದು ಲೆಮಾಂಡ್ ಬೆಟ್ಟ ಹತ್ತಿಳಿದ ಸೈಕಲ್ಲಿನ ಮೇಲಿದ್ದ ಹೆಸರು. ಅದರ ಮೇಲೆ ಬೊಟೆಕಿಯಾ ಎಂದು ಬರೆದಿತ್ತು. ಟೂರ್ ಗೆದ್ದ ಮೊದಲ ಇಟಾಲಿಯನ್ ಒಟ್ಟಾವಿಯೋ ಬೊಟೆಕಿಯಾನ ಹೆಸರು ಹೊತ್ತ ಇಟಲಿಯ ಕಂಪನಿ ಅದು. ಆದರೆ ಬಣ್ಣದ ಕೆಳಗಿದ್ದ ಫ್ರೇಮು ಇಟಲಿಯದಲ್ಲ. ಟಿವಿಟಿ ಎಂಬ ಫ್ರಾನ್ಸಿನ ಪುಟ್ಟ ಕಂಪನಿ ಮಾಡಿದ ಕಾರ್ಬನ್ ಕೊಳವೆಗಳ ಫ್ರೇಮು ಅದು. ಮರುವರ್ಷ ಅವನು ಮತ್ತೆ ಗೆದ್ದಾಗ ಅಂಥದೇ ಫ್ರೇಮಿನ ಮೇಲೆ ಅವನದೇ ಹೆಸರಿತ್ತು.

ಇದರಲ್ಲಿ ಗುಟ್ಟೇನಿಲ್ಲ, ಮೋಸವೂ ಇಲ್ಲ. ವೃತ್ತಿ ಸವಾರರು ತಮಗೆ ಒಗ್ಗಿದ ಕಮ್ಮಾರನ ಕೈಯಲ್ಲಿ ಫ್ರೇಮು ಮಾಡಿಸಿಕೊಂಡು, ತಂಡಕ್ಕೆ ದುಡ್ಡು ಕೊಡುವ ಕಂಪನಿಯ ಬಣ್ಣ ಬಳಿಸಿ ಓಡಿಸುವುದು ಉಕ್ಕಿನ ಕಾಲದಿಂದಲೂ ನಡೆದು ಬಂದದ್ದು. ಆದರೂ ಚರಿತ್ರೆ ಓದುವವರಿಗೆ ಇದೊಂದು ಎಚ್ಚರಿಕೆ. ಶಾಸನದ ಅಕ್ಷರಗಳನ್ನು ನಂಬುವ ಮುನ್ನ ಕಲ್ಲು ಯಾವ ಗಣಿಯದು ಎಂದು ಕೇಳಬೇಕಾಗುತ್ತದಲ್ಲ, ಹಾಗೆ.

ನಾನು ಈ ಮಾತಿಗೆ ಬಂದದ್ದು ಒಂದು ಹಳೆಯ ಫ್ರೇಮಿನ ಬಣ್ಣ ಕೆರೆಯುತ್ತಾ. ಅದನ್ನು ಕೊಂಡದ್ದು ಫ್ರಾನ್ಸಿನ ಸೇಂಟ್ ಎಟಿಯೆನ್ ಊರಿನ ಹಳೇ ಸಾಮಾನಿನ ಸಂತೆಯಲ್ಲಿ. ಆ ಊರಿಗೆ ಹೋದದ್ದು ಅಲ್ಲಿನ ಕಲೆ ಮತ್ತು ಕೈಗಾರಿಕೆಯ ಮ್ಯೂಸಿಯಂ ನೋಡಲೆಂದು. ಅಲ್ಲಿ ಮೂರು ಬಗೆಯ ಸಂಗ್ರಹಗಳಿವೆ: ಬಂದೂಕು, ರೇಷ್ಮೆ ರಿಬ್ಬನ್ನು, ಸೈಕಲ್ಲು. ಮೊದಲ ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಂಸಾರಗಳು ಒಂದೇ ವಠಾರದಲ್ಲಿ ಬಾಡಿಗೆಗಿದ್ದಂತೆ ಕಾಣುತ್ತದೆ. ಆದರೆ ಊರಿನ ಸುತ್ತ ಕಲ್ಲಿದ್ದಲು ಇತ್ತು. ಬಂದೂಕಿನ ನಳಿಗೆ ಕೊರೆಯಲು ಕಲಿತ ಕೈಗಳಿಗೆ ಸೈಕಲ್ಲಿನ ಕೊಳವೆ ಕಷ್ಟವಾಗಲಿಲ್ಲ. 1886ರಲ್ಲಿ ಗೋತಿಯೇ ಸಹೋದರರು ಅಲ್ಲಿ ಸೈಕಲ್ ಕಟ್ಟಿದರು. ಫ್ರಾನ್ಸಿನಲ್ಲಿ ತಯಾರಾದ ಮೊದಲ ಆಧುನಿಕ ಸೈಕಲ್ ಅದೇ ಎಂದು ಊರಿನವರು ಇಂದಿಗೂ ಹೆಮ್ಮೆಪಡುತ್ತಾರೆ. ರೇಷ್ಮೆ ವ್ಯಾಪಾರಿಯಾಗಿದ್ದ ಪಾಲ್ ದ ವೀವಿ ಎಂಬಾತ ವ್ಯಾಪಾರ ಬಿಟ್ಟು ಸೈಕಲ್ಲಿಗೆ ಬಿದ್ದು, ವೆಲೋಸಿಯೋ ಎಂಬ ಹೆಸರಿನಲ್ಲಿ ಪತ್ರಿಕೆ ನಡೆಸಿ, ಗೇರು ಬದಲಿಸುವ ಸೈಕಲ್ಲುಗಳಿಗಾಗಿ ಜೀವಮಾನವಿಡೀ ವಾದಿಸಿದ. ಅದೇ ಹೊತ್ತಿಗೆ ಗಂಡಸಾದವನು ಒಂದೇ ಗೇರಿನಲ್ಲಿ ಬೆಟ್ಟ ಹತ್ತಬೇಕು ಎಂದು ವಾದಿಸುವವರೂ ಇದ್ದರೆನ್ನಿ. ನಮ್ಮಲ್ಲಿ ಮಿಕ್ಸರ್ ಬಂದಾಗ ಒರಳುಕಲ್ಲಿನ ಪರ ಮಾತಾಡಿದವರಂತೆ.

ಇದೇ ಊರಿನ ಆಸುಪಾಸಿನಲ್ಲಿ ವಿಟುಸ್ ಎಂಬ ಹೆಸರಿನ ಕೊಳವೆಗಳು ತಯಾರಾಗುತ್ತಿದ್ದವು. 1970ರ ದಶಕದ ಕೊನೆಗೆ ಅವರು ಬೆಸುಗೆಯನ್ನೇ ಬಿಟ್ಟುಕೊಟ್ಟರು. ಅಲ್ಯೂಮಿನಿಯಂ ಕೊಳವೆಗಳನ್ನು ಅಲ್ಯೂಮಿನಿಯಂ ಲಗ್ಗುಗಳಿಗೆ ಎಪಾಕ್ಸಿ ಅಂಟಿನಿಂದ ಕೂಡಿಸಿದರು. ಲಗ್ಗು ಎಂದರೆ ಎರಡು ಕೊಳವೆ ಸೇರುವ ಕಡೆ ಇರುವ ಕೀಲಿನಂಥ ತುಂಡು. ಉಕ್ಕಿನ ಸೈಕಲ್ಲಿನಲ್ಲಿ ಕೊಳವೆ ಲಗ್ಗಿನೊಳಗೆ ಹೋಗುತ್ತದೆ. ಇಲ್ಲಿ ಉಲ್ಟಾ, ಲಗ್ಗಿನ ಮೊಳಕೆ ಕೊಳವೆಯೊಳಗೆ ಹೋಗುತ್ತದೆ, ಅಂಟು ಯಾರ ಕಣ್ಣಿಗೂ ಬೀಳದೆ ಒಳಗೇ ಉಳಿಯುತ್ತದೆ. ಇಟಲಿಯ ಅಲಾನ್ ಕಂಪನಿ 1972ರಿಂದ ಇಂಥದ್ದೇ ದಾರಿಯಲ್ಲಿತ್ತು, ಆದರೆ ಅವರು ಅಂಟಿನ ಜೊತೆಗೆ ಕೊಳವೆಗೆ ಸ್ಕ್ರೂವಿನಂತೆ ಮರೆ ಕೊರೆದು ತಿರುಗಿಸಿ ಕೂರಿಸುತ್ತಿದ್ದರು. ವಿಟುಸ್‌ನವರಿಗೆ ಬರೀ ಅಂಟಿನ ಮೇಲೆ ನಂಬಿಕೆ. ಆ ನಂಬಿಕೆ ಹುಸಿಯಲ್ಲ. ಐರ್ಲೆಂಡಿನ ಶಾನ್ ಕೆಲ್ಲಿ 1984ರಲ್ಲಿ ಪ್ಯಾರಿಸ್–ರೂಬೆ ಸ್ಪರ್ಧೆಯ ಕಲ್ಲುಹಾಸಿನ ದಾರಿಯನ್ನು ಗೆದ್ದದ್ದು ಈ ಅಂಟಿಸಿದ ಸೈಕಲ್ಲಿನ ಮೇಲೆ.

ಅದಾದ ಮೇಲೆ ಅದೇ ಅಚ್ಚಿನಲ್ಲಿ ಮೂರು ಮುಖ್ಯ ಕೊಳವೆಗಳನ್ನಷ್ಟೇ ಕಾರ್ಬನ್ನಿಗೆ ಬದಲಿಸಿದ ಫ್ರೇಮು ಬಂತು. ಹಿಂಬದಿಯ ಸಣ್ಣ ಕಂಬಿಗಳು, ಕೀಲುಗಳು, ಮುಂದಿನ ಫೋರ್ಕು ಎಲ್ಲ ಅಲ್ಯೂಮಿನಿಯಂ. ಹೆಸರು ಕಾರ್ಬೋನ್ 3. ಪ್ಯೂಜೋ ಕಂಪನಿಯೂ 1983ರಲ್ಲಿ ಪಿವೈ10 ಎಫ್‌ಸಿ ಎಂಬ ಕಾರ್ಬನ್ ಸೈಕಲ್ ತಂದಿತು. ಆ ಎಫ್‌ಸಿ ಎಂದರೆ ಫ್ರೆಂಚಿನಲ್ಲಿ ಕಾರ್ಬನ್ ನಾರು ಎಂದೇ.

ಸಂತೆಯಲ್ಲಿ ಮಾರುತ್ತಿದ್ದ ಅಜ್ಜಿಗೆ ಇದ್ಯಾವುದೂ ಬೇಕಿರಲಿಲ್ಲ. ಅಲ್ಯೂಮಿನಿಯಂ ಎಂದಳು, ಹಗುರವಿದೆ ಎತ್ತಿ ನೋಡು ಎಂದಳು. ಯಾರೋ ಕಿಟಕಿಗೆ ಬಳಿಯುವ ಹಸಿರು ಎನಾಮಲ್ಲನ್ನು ಬ್ರಶ್ಶಿನಲ್ಲೇ ದಪ್ಪಗೆ ಬಳಿದಿದ್ದರು. ಅಂಟಿನ ಮೇಲೆ ಕಟ್ಟಿದ ಫ್ರೇಮುಗಳಿಗೆ ಹೊರಗಿನಿಂದ ಒಂದೇ ಮುಖ, ಹಸಿರಿನ ಕೆಳಗೆ ಬೆಳ್ಳಿಯೋ ಕಪ್ಪೋ ಹೇಳುವಂತಿರಲಿಲ್ಲ. ಅಯಸ್ಕಾಂತವೂ ಉಪಯೋಗವಿಲ್ಲ. ಎರಡಕ್ಕೂ ಅದು ಅಂಟುವುದಿಲ್ಲ.

ಬೆಂಗಳೂರಿಗೆ ತಂದು ಕಾರಿಗೆ ಟಿಂಕರಿಂಗ್, ಪೇಂಟಿಂಗ್ ಮಾಡುವ ಪರಿಚಯದ ಶೆಡ್ಡಿಗೆ ಒಯ್ದೆ. ಅಲ್ಲಿನ ಭಾಯ್ ಮೂವತ್ತು ವರ್ಷದಿಂದ ಸ್ಪ್ರೇ ಗನ್ ಹಿಡಿದವರು. ಫ್ರೇಮನ್ನು ಕೈಯಲ್ಲಿ ತೂಗಿ, "ರಿಮೂವರ್ ಹಚ್ಚಿ ಅರ್ಧ ಗಂಟೆ ಬಿಟ್ರೆ ಎಲ್ಲ ಚರ್ಮದ ಹಂಗೆ ಎದ್ದು ಬರ್ತದೆ ಸಾರ್, ಆಮೇಲೆ ಪೌಡರ್ ಕೋಟಿಂಗ್‌ಗೆ ಕಳಿಸಿಬಿಡಾಣ" ಎಂದರು. ಅಲ್ಯೂಮಿನಿಯಂ ಆಗಿದ್ದರೂ ಅಂಟಿನ ಕೀಲುಗಳಿಗೆ ಪೌಡರ್ ಕೋಟಿಂಗಿನ ಒಲೆ ಆಗಿಬರುವುದಿಲ್ಲ. ಅಲ್ಲಿ 180, 200 ಡಿಗ್ರಿ ಸೆಲ್ಸಿಯಸ್ ಕಾವು ಇರುತ್ತದೆ, ಎಪಾಕ್ಸಿ ಮೆತ್ತಗಾಗುವುದು ಅದಕ್ಕಿಂತ ಬಹಳ ಮೊದಲೇ. ಅದನ್ನು ಹೇಳಿದೆ, ಅವರು ಒಪ್ಪಿದರು. "ಮೊದ್ಲು ಒಂದೆರಡು ಕಡೆ ಉಜ್ಜಿ ನೋಡಾಣ ಭಾಯ್" ಎಂದು ನಾನು 400ರ ವಾಟರ್ ಪೇಪರ್ ಒದ್ದೆ ಮಾಡಿಕೊಂಡೆ. ಹಿಂದಿನ ಕಂಬಿಯ ಮೇಲೆ ಹಸಿರು ಹೋಯಿತು, ಬೂದು ಪ್ರೈಮರ್ ಹೋಯಿತು, ಬೆಳ್ಳಿ ಮಿಂಚಿತು. ಮೇಲಿನ ಅಡ್ಡಕೊಳವೆಯ ಮೇಲೆ ಹಸಿರು ಹೋಯಿತು, ಬೂದು ಹೋಯಿತು, ಒಂದು ಗಾಢ ನೀಲಿ ಬಂತು, ಅದರ ಕೆಳಗೆ ಗಾಜಿನಂಥ ತಿಳಿ ಪದರ, ಆಮೇಲೆ ಬೆರಳ ತುದಿಯ ನೀರು ಇದ್ದಕ್ಕಿದ್ದಂತೆ ಮಸಿಯಾಯಿತು.

ಭಾಯ್ ಬಗ್ಗಿ ನೋಡಿ, "ಇದು ಕಬ್ಬಿಣ ಅಲ್ಲ, ತಗಡೂ ಅಲ್ಲ, ಬಟ್ಟೆ ಸಾರ್" ಎಂದರು. ನಾನು ಇದುವರೆಗೆ ಓದಿದ ಕಾರ್ಬನ್ನಿನ ವ್ಯಾಖ್ಯಾನಗಳಲ್ಲಿ ಇದಕ್ಕಿಂತ ಚೊಕ್ಕವಾದದ್ದು ನೆನಪಿಲ್ಲ.

ಅದು ನಿಜಕ್ಕೂ ಬಟ್ಟೆಯೇ. 1879ರಲ್ಲಿ ಎಡಿಸನ್ ಬಲ್ಬಿಗಾಗಿ ದಾರವನ್ನು ಸುಟ್ಟು ಇದ್ದಿಲಿನ ಎಳೆ ಮಾಡಿದ, ಆಮೇಲೆ ಜಪಾನಿನ ಬಿದಿರಿನ ಸೀಳು ಹಿಡಿದ. ಬೆಳಕಿಗಾಗಿ ಹುಟ್ಟಿದ ಆ ನಾರು ಟಂಗ್‌ಸ್ಟನ್ ಬಂದ ಮೇಲೆ ಮೂಲೆ ಸೇರಿತು. 1958ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಪ್ರಯೋಗಾಲಯದಲ್ಲಿ ರೋಜರ್ ಬೇಕನ್ ಎಂಬ ಭೌತವಿಜ್ಞಾನಿ ಕೂದಲಿಗಿಂತ ಸಣ್ಣಗಿನ, ಉಕ್ಕನ್ನು ಮೀರಿಸುವ ಬಲದ ಗ್ರಾಫೈಟ್ ಎಳೆಗಳನ್ನು ಕಂಡ. 1961ರ ಹೊತ್ತಿಗೆ ಜಪಾನಿನ ಅಕಿಯೋ ಶಿಂಡೋ ಅಕ್ರಿಲಿಕ್ ನಾರನ್ನು ಸುಟ್ಟು ಕಾರ್ಬನ್ ನಾರು ಮಾಡುವ ದಾರಿ ತೋರಿಸಿದರು. ಚಳಿಗಾಲದಲ್ಲಿ ನಾವು ತೊಡುವ ಅಗ್ಗದ ಸ್ವೆಟರಿನ ಅಕ್ರಿಲಿಕ್ ಇದೆಯಲ್ಲ, ಅದೇ ಕುಲದ್ದು. ಅದನ್ನು ಮೊದಲು ಗಾಳಿಯಲ್ಲಿ 200ರಿಂದ 300 ಡಿಗ್ರಿಯವರೆಗೆ ಹದವಾಗಿ ಕಾಯಿಸಬೇಕು, ಆಮೇಲೆ ಆಮ್ಲಜನಕವೇ ಇಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿ ದಾಟಿಸಬೇಕು. ಉರಿಯಲು ಬಿಡದೆ ಸುಡುವ ವಿದ್ಯೆ ಇದು, ನಮ್ಮಲ್ಲಿ ಇದ್ದಿಲು ಸುಡುವವರು ಗೂಡಿಗೆ ಮಣ್ಣು ಮೆತ್ತುವ ಹಾಗೆ. ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾ ಕೇಂದ್ರದವರು 1960ರ ದಶಕದಲ್ಲಿ ಸುಡುವಾಗ ನಾರನ್ನು ಬಿಗಿಯಾಗಿ ಹಿಡಿದಿಟ್ಟು ಇನ್ನಷ್ಟು ಬಲ ತಂದರು.

ಹೊಸ ವಸ್ತುವಿನ ಮೇಲೆ ದುಡುಕಿದವರಿಗೆ ಪೆಟ್ಟೂ ಬಿತ್ತು. ರೋಲ್ಸ್ ರಾಯ್ಸ್ ಕಂಪನಿ ತನ್ನ ಆರ್‌ಬಿ211 ಎಂಜಿನ್ನಿಗೆ ಕಾರ್ಬನ್ ಅಲಗುಗಳ ಫ್ಯಾನು ಮಾಡಹೊರಟಿತು. ಹಾರುವ ವಿಮಾನಕ್ಕೆ ಹಕ್ಕಿ ಬಡಿದರೆ ಏನಾಗುತ್ತದೆಂದು ನೋಡುವ ಪರೀಕ್ಷೆಯಲ್ಲಿ ಅವು ಒಡೆದವು. ಮತ್ತೆ ಟೈಟೇನಿಯಂಗೆ ಮರಳಬೇಕಾಯಿತು. ಎಂಜಿನ್ನಿನ ಖರ್ಚು ಏರುತ್ತಾ ಹೋಗಿ 1971ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿಯೆದ್ದು ಸರ್ಕಾರದ ಕೈಗೆ ಹೋಯಿತು. ಅದೇ ವರ್ಷ ಜಪಾನಿನ ಟೋರೇ ಕಂಪನಿ ಕಾರ್ಬನ್ ನಾರನ್ನು ವ್ಯಾಪಾರಕ್ಕಿಟ್ಟಿತು. ಅದನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ಗಾಳ ಹಾಕುವವರು, ಗಾಲ್ಫ್ ಆಡುವವರು ಇದ್ದರು. ಗಾಳದ ಕೋಲು ಮುರಿದರೆ ಯಾರೂ ಸಾಯುವುದಿಲ್ಲ. ಇದು ನನಗೆ ವಿವೇಕದ ದಾರಿ ಎನ್ನಿಸುತ್ತದೆ.

ಸೈಕಲ್ ಈ ಎರಡರ ನಡುವೆ ಬಂತು. ಮುರಿದರೆ ಹಲ್ಲು ಹೋಗುತ್ತದೆ, ವಿಮಾನದಷ್ಟು ಪರೀಕ್ಷೆ ಮಾಡಿಸಲು ದುಡ್ಡಿಲ್ಲ. 1970ರ ದಶಕದ ನಡುವಿನಲ್ಲಿ ಎಣ್ಣೆ ಕಂಪನಿ ಎಕ್ಸಾನ್ ತನ್ನ ಗ್ರಾಫ್‌ಟೆಕ್ ವಿಭಾಗದಿಂದ ಒಂದು ಸೈಕಲ್ ತಂದಿತು. ತೆಳು ಅಲ್ಯೂಮಿನಿಯಂ ಕೊಳವೆಯ ಮೇಲೆ ಕಾರ್ಬನ್ ಸುತ್ತಿ, ಸ್ಟೇನ್‌ಲೆಸ್ ಉಕ್ಕಿನ ಲಗ್ಗುಗಳಿಗೆ ಅಂಟಿಸಿದ್ದು. ಪೆಟ್ರೋಲು ಮಾರುವವರು ಸೈಕಲ್ ಮಾಡಿದ್ದು ಎಂಬ ತಮಾಷೆ ಅವತ್ತಿನವರಿಗೂ ಹೊಳೆದಿರಲೇಬೇಕು. ಹತ್ತು ವರ್ಷದ ನಂತರ, 1986ರಲ್ಲಿ, ಇದೇ ಲೆಮಾಂಡ್ ಮೊದಲ ಸಲ ಟೂರ್ ಗೆದ್ದಾಗ ಅವನ ಕೆಳಗಿದ್ದದ್ದು ಲುಕ್ ಕಂಪನಿಯ ಕೆಜಿ86. ಸ್ಕೀ ಆಟಗಾರರ ಬೂಟು ಹಿಡಿಯುವ ಕೊಂಡಿ ಮಾಡುತ್ತಿದ್ದ ಲುಕ್, ಅದೇ ಟಿವಿಟಿಯ ಕಾರ್ಬನ್–ಕೆವ್ಲಾರ್ ಕೊಳವೆಗಳನ್ನು ಅಲ್ಯೂಮಿನಿಯಂ ಲಗ್ಗಿಗೆ ಅಂಟಿಸಿತ್ತು. ಅದೇ ವರ್ಷ ಅಮೆರಿಕದ ಕೆಸ್ಟ್ರೆಲ್ ಲಗ್ಗುಗಳೇ ಇಲ್ಲದ, ಇಡಿಯಾಗಿ ಅಚ್ಚು ಹಾಕಿದ ಕಾರ್ಬನ್ ಫ್ರೇಮು ಹೊರತಂದಿತು. ಅಲ್ಲಿಗೆ ನನ್ನ ಕೈಯಲ್ಲಿದ್ದ ಜಾತಿಯ ಫ್ರೇಮಿನ ದಿನಗಳು ಎಣಿಕೆಗೆ ಬಂದವು. ಹಳೆಯ ಕಮ್ಮಾರನ ಲೆಕ್ಕಾಚಾರಕ್ಕೆ ಹೊಸ ವಸ್ತು ತೊಡಿಸಿದ ನಡುಗಾಲದ ಸೃಷ್ಟಿ ಅದು. ಕಲ್ಲಿನಲ್ಲಿ ಕಟ್ಟಲು ಕಲಿತ ಮೇಲೂ ಮರದ ತೊಲೆಗಳ ಆಕಾರವನ್ನೇ ಕಡೆದ ಹಳೆಯ ಗುಹಾಲಯಗಳ ಶಿಲ್ಪಿಗಳ ಹಾಗೆ.

ಈಗ ಕೆಲಸಕ್ಕೆ ಬರುತ್ತೇನೆ. ಕಪ್ಪು ನೀರು ಕಂಡ ಕ್ಷಣದಿಂದ ರಿಮೂವರ್ ಡಬ್ಬಿಗೆ ಮುಚ್ಚಳ ಬಿತ್ತು. ಹಳೆಯ ಬಗೆಯ ರಿಮೂವರ್‌ಗಳ ಮುಖ್ಯ ದ್ರವ ಮೆಥಿಲೀನ್ ಕ್ಲೋರೈಡ್. ಅದು ಬಣ್ಣವನ್ನು ಉಬ್ಬಿಸಿ ಎಬ್ಬಿಸುವ ಹಾಗೆಯೇ ನಾರನ್ನು ಹಿಡಿದಿಟ್ಟ ಎಪಾಕ್ಸಿಯನ್ನೂ ಮೆತ್ತಗೆ ಮಾಡುತ್ತದೆ. ಬಣ್ಣ ಎಲ್ಲಿ ಮುಗಿಯಿತು, ಫ್ರೇಮು ಎಲ್ಲಿ ಶುರುವಾಯಿತು ಎಂಬುದು ಅದಕ್ಕೆ ತಿಳಿಯದು. ಮನುಷ್ಯರಿಗೂ ಅದು ಒಳ್ಳೆಯದಲ್ಲ. ಅಮೆರಿಕ 2019ರಲ್ಲಿ ಬಣ್ಣ ತೆಗೆಯಲು ಜನಸಾಮಾನ್ಯರಿಗೆ ಅದನ್ನು ಮಾರುವುದನ್ನೇ ನಿಷೇಧಿಸಿತು. ಮರಳು ಹೊಡೆಸುವುದೂ ಬೇಡ. ಗಟ್ಟಿ ಲೋಹಕ್ಕೆ ಸರಿ, ನಾರಿಗೆ ಗಾಯ. ಉಳಿದದ್ದು ಕೈ, ನೀರು, ವಾಟರ್ ಪೇಪರು. ದಪ್ಪ ಎನಾಮಲ್ಲಿಗೆ 240, ಪ್ರೈಮರಿಗೆ 400, ಕೊನೆಗೆ 600, 800. ಒಣಗಿದ್ದಾಗ ಉಜ್ಜಬಾರದು, ಕಾರ್ಬನ್ ಧೂಳು ಚರ್ಮಕ್ಕೆ ಗಾಜಿನ ಚೂರಿನಂತೆ ಚುಚ್ಚುತ್ತದೆ, ಎದೆಗೆ ಇಳಿದರೆ ಇನ್ನೂ ಕೆಟ್ಟದ್ದು. ಮೂಗಿಗೆ ಮಾಸ್ಕು, ಕೈಗೆ ಗ್ಲೌಸು, ಪಕ್ಕದಲ್ಲಿ ಎರಡು ಬಕೆಟ್ಟು. ನೀರಿನ ಬಣ್ಣ ಓದುವುದೇ ಇಡೀ ವಿದ್ಯೆ. ಹಸಿರು ನೀರು, ಬೂದು ನೀರು, ನೀಲಿ ನೀರು. ಹಾಲಿನಂತೆ ಬೆಳ್ಳಗಾದರೆ ಅದು ಮೂಲದ ತಿಳಿ ಲ್ಯಾಕರು, ಅಲ್ಲಿ ಕೈ ನಿಲ್ಲಬೇಕು. ಕಪ್ಪಾದರೆ ನಾರು ತಿನ್ನುತ್ತಿದ್ದೇವೆಂದು ಅರ್ಥ. ಒಂದೊಂದು ಎಳೆಯ ದಪ್ಪ ಸುಮಾರು 7 ಮೈಕ್ರಾನ್, ತಲೆಗೂದಲಿನ ಹತ್ತನೇ ಒಂದು ಭಾಗ. ನಾಲ್ಕು ಸಲ ಹೆಚ್ಚಿಗೆ ಉಜ್ಜಿದರೆ ಸಾವಿರಾರು ಎಳೆ ಕಡಿದುಹೋಗುತ್ತವೆ.

ಹನ್ನೊಂದು ಸಂಜೆ ಹಿಡಿಯಿತು. ಕೆಳಗಿನ ಓರೆಕೊಳವೆಯ ನೀಲಿಯಡಿಯಲ್ಲಿ ಒಂದು ಸ್ಟಿಕ್ಕರಿನ ತುಂಡು ಸಿಕ್ಕಿತು. ಕೊನೆಯ ಮೂರು ಅಕ್ಷರ, ಪಕ್ಕದಲ್ಲಿ 3. ಫ್ರೇಮಿನ ಹೆಸರು ಅಲ್ಲಿಗೆ ಗೊತ್ತಾಯಿತು. ಆದರೆ ಅದಕ್ಕಿಂತ ನನ್ನನ್ನು ಕಾಡಿದ್ದು ನೀಲಿ. ಸ್ಪ್ರೇ ಮಾಡಿದ ನೀಲಿ, ಲಗ್ಗುಗಳ ಅಂಚಿನಲ್ಲಿ ಟೇಪು ಅಂಟಿಸಿ ಕೂದಲೆಳೆಯಷ್ಟು ನೇರವಾಗಿ ನಿಲ್ಲಿಸಿದ್ದು. ಯಾರೋ ಕಾರ್ಬನ್ನನ್ನು ಮುಚ್ಚಲು ಬೇಕೆಂದೇ ಹಚ್ಚಿಸಿದ್ದಾರೆ. ಸ್ಥಳೀಯ ಕ್ಲಬ್ಬಿನ ಬಣ್ಣವಿರಬಹುದು, ಮಗನ ಆಸೆಯಿರಬಹುದು. ಆಮೇಲೆ ಬಂದ ಹಸಿರು ಬೇರೆಯದೇ ಕೈ. ಮನೆಯಲ್ಲಿ ಮಿಕ್ಕ ಬಣ್ಣ, ಸವೆದ ಬ್ರಶ್ಶು, ಅದರ ಎರಡು ಕೂದಲು ಇನ್ನೂ ಬಣ್ಣದಲ್ಲೇ ಸಿಕ್ಕಿಕೊಂಡಿದ್ದವು. ಸ್ಪರ್ಧೆಯ ಕುದುರೆ ಕೊನೆಗೆ ಮಾರುಕಟ್ಟೆಗೆ ತರಕಾರಿ ಹೊತ್ತದ್ದರ ದಾಖಲೆ. ನಾನು ಬಕೆಟ್ಟಿಗೆ ಚೆಲ್ಲುತ್ತಿದ್ದದ್ದು ಇದನ್ನೇ.

ಇಷ್ಟಾಗಿ, ಬಣ್ಣ ಕೆರೆಯದೆ ವಿಧಿಯಿರಲಿಲ್ಲ. ಕಾರ್ಬನ್ನಿಗೂ ಅಲ್ಯೂಮಿನಿಯಂಗೂ ಒಂದು ಹಳೆಯ ದಾಯಾದಿ ಮತ್ಸರವಿದೆ. ಕಾರ್ಬನ್ ವಿದ್ಯುತ್ ಹರಿಸುತ್ತದೆ. ಎರಡರ ನಡುವೆ ಬೆವರಿನ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ, ಕರಗುವುದು ಯಾವಾಗಲೂ ಅಲ್ಯೂಮಿನಿಯಂ. ಬಿಳಿ ಪುಡಿಯಾಗಿ ಉಬ್ಬಿ ಅಂಟನ್ನು ಒಳಗಿನಿಂದಲೇ ಸಡಿಲಿಸುತ್ತದೆ. ವಿಮಾನ ಮಾಡುವವರು ನಡುವೆ ಗಾಜಿನ ನಾರಿನ ತೆಳು ಪದರ ಇಟ್ಟು ಇಬ್ಬರನ್ನೂ ದೂರವಿಡುತ್ತಾರೆ. ಬೆಂಗಳೂರಿಗೆ ಇದು ಹೊಸ ಪಾಠವಲ್ಲ. ಇಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ತೇಜಸ್ ವಿಮಾನಕ್ಕಾಗಿ ಕಾರ್ಬನ್ ಸಂಯುಕ್ತದ ಭಾಗಗಳನ್ನು ರೂಪಿಸಿದ್ದು ಲೋಹವನ್ನೂ ನಾರನ್ನೂ ಒಟ್ಟಿಗೆ ಬಾಳಿಸುವ ಇಂಥ ಲೆಕ್ಕಾಚಾರಗಳ ಮೇಲೆಯೇ. ನನ್ನ ಫ್ರೇಮಿನಲ್ಲಿ ಪೆಡಲಿನ ಅಚ್ಚು ಕೂರುವ ಕೆಳಗೀಲಿನ ಹತ್ತಿರ, ಹಸಿರು ಬಣ್ಣ ಉಬ್ಬಿದ್ದ ಕಡೆ, ಚಿಟಿಕೆಯಷ್ಟು ಬಿಳಿ ಪುಡಿ ಉದುರಿತು.

ಬೀದಿಯ ಕೊನೆಯ ಮನೆಯಲ್ಲಿ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಮಂಗಳೂರು ಕಡೆಯ ಹಿರಿಯರೊಬ್ಬರಿದ್ದಾರೆ. ಅವರು ಒಂದು ರೂಪಾಯಿ ನಾಣ್ಯ ತೆಗೆದು ಕೊಳವೆಯುದ್ದಕ್ಕೂ ತಟ್ಟುತ್ತಾ ಹೋದರು, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ. ಪದರ ಬಿಟ್ಟಿದ್ದರೆ ದನಿ ಮಂಕಾಗುತ್ತದೆ. ಕೊಳವೆಗಳು ಉದ್ದಕ್ಕೂ ಟಿಣ್ ಎಂದವು. ಕೆಳಗೀಲಿನ ಬಳಿ ಎರಡು ಸಲ ತಟ್ಟಿದರು. "ಕೊಳವೆ ಚಂದ ಉಂಟು ಮಾರಾಯ್ರೆ, ಅಂಟಿನ ಕಥೆ ಹೊರಗಿಂದ ಹೇಳ್ಲಿಕ್ಕೆ ಆಗುವುದಿಲ್ಲ" ಎಂದರು. "ನಿಮ್ಮ ಮಗ ಇದರಲ್ಲಿ ನಂದಿಬೆಟ್ಟ ಇಳಿತಾನಂತೆ, ಹೌದಾ?" ಹೌದು ಎಂದೆ. ಅವರು ನಾಣ್ಯವನ್ನು ಜೇಬಿಗೆ ಹಾಕಿಕೊಂಡು, "ಬೇಡ" ಎಂದರು, ಅಷ್ಟೇ.

ಮಗನಿಗೆ ಹತ್ತೊಂಬತ್ತು. ಸಂತೆಯಿಂದ ಫೋಟೋ ಕಳಿಸಿದ ದಿನದಿಂದ ಅವನು ಇದಕ್ಕೆ ಕಾದಿದ್ದ. ಹೇಳಿದಾಗ ಜಗಳವಾಡಲಿಲ್ಲ, "ಹಂಗಾದ್ರೆ ಪೇಂಟ್ ಯಾಕಪ್ಪಾ ಮಾಡ್ಸೋದು, ಗೋಡೆಗೆ ನೇತು ಹಾಕೋಕಾ?" ಎಂದು ಮಾತ್ರ ಕೇಳಿದ. ಪ್ರಶ್ನೆ ಸರಿಯಾಗಿಯೇ ಇತ್ತು. ಬಣ್ಣ ಒಂದು ಭರವಸೆಯೂ ಹೌದು. ಹೊಸದಾಗಿ ಹೊಳೆಯುವ ಸೈಕಲ್ಲು ಕಂಡವರು ಅದು ಗಟ್ಟಿಯಾಗಿದೆ ಎಂದೇ ನಂಬುತ್ತಾರೆ. ಹೆಸರಿನ ವಿಷಯದಲ್ಲಿ ಲೆಮಾಂಡನ ಬೊಟೆಕಿಯಾ ಹೇಳಿದ್ದಕ್ಕಿಂತ ಇದು ದೊಡ್ಡ ಸುಳ್ಳಾಗಬಲ್ಲದು. ಹಾಗೆಂದು ಹಾಗೇ ಬಿಡುವಂತೆಯೂ ಇಲ್ಲ. ಬಿಸಿಲಿಗೆ ಎಪಾಕ್ಸಿ ಹಳದಿಗಟ್ಟಿ ಪುಡಿಯಾಗುತ್ತದೆ, ಅದಕ್ಕೊಂದು ಮುಸುಕು ಬೇಕು.

ಕಪ್ಪನ್ನು ಕಪ್ಪಾಗಿಯೇ ಬಿಟ್ಟು ಮೇಲೆ ಬರೀ ಕ್ಲಿಯರ್ ಹೊಡೆಸಿ, ಈಗಿನ ಫ್ಯಾಶನ್ ಅದೇ ಎಂದು ಸ್ನೇಹಿತರು ಹೇಳಿದರು. ನನಗೆ ಆ "ಬೆತ್ತಲೆ ಕಾರ್ಬನ್" ಮೋಹ ಅಷ್ಟಾಗಿ ಇಲ್ಲ. ಈಗಿನ ಎಷ್ಟೋ ಫ್ರೇಮುಗಳಲ್ಲಿ ಕಣ್ಣಿಗೆ ಕಾಣುವ ಆ ಚಂದದ ನೇಯ್ಗೆ ಭಾರ ಹೊರುವುದೇ ಇಲ್ಲ, ಅಂದಕ್ಕೆಂದು ಹೊರಗೆ ಸುತ್ತಿದ ಒಂದು ಪದರವಷ್ಟೇ. ಅದೂ ಬಣ್ಣವೇ, ಬಣ್ಣವಲ್ಲವೆಂಬ ಸೋಗಿನದು. ಆದರೆ ಈ ಫ್ರೇಮು ಮೂಲದಲ್ಲಿ ತಿಳಿ ಲ್ಯಾಕರಿನಲ್ಲೇ ಹುಟ್ಟಿದ್ದು, ಆ ನೀಲಿಯೂ ಅದರ ಬಾಳಿನದೇ.

ಕೊನೆಗೆ ಹೀಗಾಯಿತು. ಅಲ್ಯೂಮಿನಿಯಂ ಕೀಲುಗಳಿಗೆ ಸೆಲ್ಫ್ ಎಚ್ ಪ್ರೈಮರ್, ಕಾರ್ಬನ್ನಿಗೆ ಎಪಾಕ್ಸಿ ಪ್ರೈಮರಿನ ತೆಳು ಕೈ. ಮೂರು ಕೊಳವೆಗೂ ನೀಲಿ. ನಾನು ಜೋಪಾನವಾಗಿಟ್ಟಿದ್ದ ಚಕ್ಕೆ ನೋಡಿ ಭಾಯ್ ಕಣ್ಣಳತೆಯಲ್ಲೇ ಕಲಸಿದ್ದು. ಮೇಲೆ ಎರಡು ಕೈ ಟೂ–ಕೆ ಕ್ಲಿಯರ್. ಅದರ ಹಾರ್ಡನರಿನಲ್ಲಿರುವ ಐಸೋಸಯನೇಟ್ ಉಸಿರಾಟಕ್ಕೆ ವಿಷ. ಭಾಯ್ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹೊರಟರು, ನಾನು ಫಿಲ್ಟರ್ ಇರುವ ಮಾಸ್ಕು ಕೊಡಿಸಿದ ಮೇಲೆಯೇ ಗನ್ ಹಿಡಿಯಲು ಬಿಟ್ಟೆ. "ಇಷ್ಟು ವರ್ಷ ಏನಾಗಿದೆ ಸಾರ್" ಎಂದು ನಕ್ಕರು, ನಗುತ್ತಲೇ ಎರಡು ಸಲ ಕೆಮ್ಮಿದರು. ಆ ಮಾಸ್ಕು ಈಗ ಅವರ ಶೆಡ್ಡಿನ ಮೊಳೆಯಲ್ಲಿದೆ, ಬಳಸುತ್ತಾರೋ ಇಲ್ಲವೋ ಎಂದು ಆಗಾಗ ಹೋಗಿ ನೋಡುತ್ತೇನೆ.

ಓರೆಕೊಳವೆಯ ಕೆಳಮೈಯಲ್ಲಿ ಹೆಬ್ಬೆರಳಗಲದ ಒಂದು ಜಾಗವನ್ನು ಉಜ್ಜದೆ ಬಿಟ್ಟಿದ್ದೇನೆ. ಹಳೆಯ ಚಿತ್ರಗಳನ್ನು ಸ್ವಚ್ಛ ಮಾಡುವವರು ಒಂದು ಮೂಲೆಯನ್ನು ಮುಟ್ಟದೆ ಬಿಡುತ್ತಾರಲ್ಲ, ಹಾಗೆ. ಅದರ ಅಂಚನ್ನು ಇಳಿಜಾರಾಗಿ ತಿದ್ದಿದ್ದರಿಂದ ಕಪ್ಪು, ತಿಳಿ, ನೀಲಿ, ಬೂದು, ಹಸಿರು, ಮರದ ವಯಸ್ಸಿನ ಉಂಗುರಗಳಂತೆ ಸುತ್ತುಸುತ್ತಾಗಿ ಕಾಣುತ್ತವೆ. ಬ್ರಶ್ಶಿನ ಕೂದಲೊಂದು ಅಲ್ಲೇ ಇದೆ. ಹೆಸರು ಬರೆಸಲಿಲ್ಲ. ಕೆಳಗೀಲಿನ ಬಿಳಿ ಪುಡಿ ಬಿಟ್ಟ ಗುಳಿಗೆ ಪುಟ್ಟಿ ತುಂಬಿಸಲೂ ಇಲ್ಲ, ಬಣ್ಣದ ಮೇಲೂ ಅದು ತೋರುತ್ತದೆ, ಬೆರಳಿಗೆ ತಾಕುತ್ತದೆ. ಮಗ ಚಕ್ರ ಜೋಡಿಸಿದ್ದಾನೆ. ಭಾನುವಾರ ಬೆಳಿಗ್ಗೆ ಬಡಾವಣೆಯ ಸಮತಟ್ಟು ರಸ್ತೆಯಲ್ಲಿ ಎರಡು ಸುತ್ತು, ಅದಕ್ಕಿಂತ ಹೆಚ್ಚಿಲ್ಲ. ಹೊರಡುವ ಮೊದಲು ಅವನೇ ನಾಣ್ಯ ತೆಗೆದು ಕೆಳಗೀಲಿನ ಬಳಿ ತಟ್ಟಿ ಕಿವಿಗೊಡುತ್ತಾನೆ.